ಗೂಡಂಗಡಿಯ ಸರಮಾಲೆ

1996ರ ಮಾರ್ಚ್ 9, ಶನಿವಾರದ ರಾತ್ರಿ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್. ಅಮೀರ್ ಸೊಹೈಲ್ ನಮ್ಮ ವೆಂಕಟೇಶ್ ಪ್ರಸಾದ್ ಎಸೆತವನ್ನು ಕವರ್ಸ್‌ನತ್ತ ಬೌಂಡರಿಗೆ ಅಟ್ಟಿ, ಬ್ಯಾಟು ಚಾಚಿ ‘ಮುಂದಿನದೂ ಅಲ್ಲಿಗೇ’ ಎಂಬಂತೆ ಸನ್ನೆ ಮಾಡಿದರು. ಮುಂದಿನ ಚೆಂಡಿಗೆ ಸ್ಟಂಪು ಹಾರಿತು. ಆಗ ಹತ್ತು ಹನ್ನೆರಡು ವರ್ಷದವರಾಗಿದ್ದ ಹುಡುಗರು ಇಂದು ನಲವತ್ತರ ಆಚೀಚೆ ಇದ್ದಾರೆ. ಆ ಎರಡು ಎಸೆತಗಳ ಬಗ್ಗೆ ಕೇಳಿ ನೋಡಿ, ಎದ್ದು ನಿಂತು ಅಭಿನಯಿಸಿ ತೋರಿಸುತ್ತಾರೆ. ಅಂದು ಮೈದಾನದಲ್ಲಿ ಪ್ರಸಾದ್ ಜೊತೆಗೆ ಶ್ರೀನಾಥ್, ಕುಂಬ್ಳೆ ಇದ್ದರು. ಟಿ.ವಿ. ಇದ್ದ ಮನೆಯ ಜಗುಲಿ ತುಂಬ ಓಣಿಯ ಹುಡುಗರಿದ್ದರು.

ಆ ಟೂರ್ನಿಯ ಪೂರ್ತಿ ಹೆಸರೇನೆಂದು ಕೇಳಿದರೆ ಅವರೇ ಹೇಳುತ್ತಾರೆ: ವಿಲ್ಸ್ ವಿಶ್ವಕಪ್. ವಿಲ್ಸ್ ಎಂದರೆ ಒಂದು ಸಿಗರೇಟು.

ಆಕಾಶವಾಣಿ, ದೂರದರ್ಶನಗಳಲ್ಲಿ ಸಿಗರೇಟಿನ ಜಾಹೀರಾತಿಗೆ ಜಾಗವಿರಲಿಲ್ಲ. ಆದರೆ ಪಂದ್ಯಾವಳಿಯ ಹೆಸರೇ ಸಿಗರೇಟಿನದಾದರೆ ವೀಕ್ಷಕ ವಿವರಣೆಕಾರರಾದರೂ ಏನು ಮಾಡಿಯಾರು? ಓವರಿಗೊಮ್ಮೆ ಹೇಳಲೇಬೇಕು. ತೊಂಬತ್ತರ ದಶಕದಲ್ಲಿ ರಾಷ್ಟ್ರೀಯ ತಂಡದ ಅಂಗಿಯ ಮೇಲೂ ಅದೇ ಹೆಸರು ಕುಳಿತಿತ್ತು. ಅದು ಮಕ್ಕಳ ಮೇಲೆ ಏನು ಮಾಡುತ್ತದೆ ಎಂದು ಗೋವಾದ ಕ್ಯಾನ್ಸರ್ ಶಸ್ತ್ರವೈದ್ಯ ಶರದ್ ವೈದ್ಯ ಮತ್ತು ಅವರ ಸಂಗಡಿಗರು ಶಾಲಾ ಮಕ್ಕಳನ್ನೇ ಕೇಳಿ ನೋಡಿದರು. ಅದೇ 1996ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರ ವರದಿ ಬಂತು. ಕ್ರಿಕೆಟ್ಟಿನ ಬೆನ್ನೇರಿ ಬಂದ ಹೆಸರು ‘ಒಂದು ಸಲ ಸೇದಿ ನೋಡಿದರೇನು’ ಎಂಬ ಚಪಲವನ್ನು ಮಕ್ಕಳಲ್ಲಿ ಹುಟ್ಟಿಸುತ್ತದೆ ಎಂಬುದು ಅದರ ತಿರುಳು.

ಆದರೆ ವಿಲ್ಸ್ ದೊಡ್ಡವರ ಸಿಗರೇಟು, ದುಬಾರಿ. ಜಗುಲಿಯ ಹುಡುಗರ ಚಡ್ಡಿಯ ಜೇಬಿಗೆ ಅದು ನಿಲುಕುತ್ತಿರಲಿಲ್ಲ. ನಿಲುಕುವಂಥದ್ದು ಶಾಲೆಯ ಗೇಟಿನ ಎದುರಿನ ಗೂಡಂಗಡಿಯಲ್ಲಿ ಆಗಲೇ ತೂಗುತ್ತಿತ್ತು. ಪೆಪ್ಪರಮಿಂಟಿನ ಭರಣಿ, ಬಾಳೆಗೊನೆ, ಬೀಡಿ ಹೊತ್ತಿಸಲು ಸದಾ ಹೊಗೆಯಾಡುತ್ತ ಇಳಿಬಿದ್ದ ತೆಂಗಿನ ನಾರಿನ ಹಗ್ಗ. ಇವುಗಳ ನಡುವೆ ಮದುವೆ ಚಪ್ಪರದ ತೋರಣದಂತೆ ಮಿಣಮಿಣ ಹೊಳೆಯುವ ಗುಟ್ಕಾ ಪ್ಯಾಕೆಟ್ಟಿನ ಸರಗಳು. ಎಂಟಾಣೆಗೋ ರೂಪಾಯಿಗೋ ಒಂದು. ಅಂಗಡಿಯವನು ಸರದಿಂದ ಚರ್‍ರನೆ ಹರಿದು ಕೈಗಿಡುತ್ತಿದ್ದ.

ನಮ್ಮಲ್ಲಿ ತಂಬಾಕು ಮಕ್ಕಳನ್ನು ಮುಟ್ಟಿದ್ದು ಸಣ್ಣದಾಗುವ ಮೂಲಕ: ಸಣ್ಣ ಪ್ಯಾಕೆಟ್ಟು, ಬಿಡಿ ಸಿಗರೇಟು, ಚಿಲ್ಲರೆ ಕಾಸು. ಅದನ್ನು ಮಕ್ಕಳಿಂದ ದೂರ ಇಡಲು ಮುಂದಿನ ಮೂವತ್ತು ವರ್ಷ ನಡೆದದ್ದೆಲ್ಲ ಈ ಸಣ್ಣತನದ ಜೊತೆಗಿನ ಜಗಳವೇ.

ಸಂಚಿಯಿಂದ ಸ್ಯಾಶೆಗೆ

ತಂಬಾಕಿಗೂ ಕನ್ನಡ ನೆಲಕ್ಕೂ ನಾನೂರು ವರ್ಷದ ನಂಟು. ಪೋರ್ಚುಗೀಸರ ಹಡಗಿನಲ್ಲಿ ಬಂದಿಳಿದ ಈ ಎಲೆ ಮೊಗಲರ ಅರಮನೆ ಮುಟ್ಟಿದ್ದು ನಮ್ಮ ವಿಜಯಪುರದಿಂದ. 17ನೇ ಶತಮಾನದ ಮೊದಲ ವರ್ಷಗಳಲ್ಲಿ ಅಕ್ಬರನ ರಾಯಭಾರಿಯಾಗಿ ಆದಿಲ್‌ಶಾಹಿ ಆಸ್ಥಾನಕ್ಕೆ ಬಂದ ಅಸದ್ ಬೇಗ್ ಇಲ್ಲಿ ತಂಬಾಕನ್ನು ಕಂಡು ಬೆರಗಾದ. ಅಂದದ ಹೊಗೆಕೊಳವೆಯೊಂದರ ಜೊತೆ ಅದನ್ನು ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದದ್ದೇ ತಡ, ಹಕೀಮ ಅಡ್ಡ ಬಂದು ಬೇಡವೆಂದ. ಮಗ ಜಹಾಂಗೀರ್ 1617ರಲ್ಲಿ ತಂಬಾಕು ಕೂಡದೆಂದು ಆಜ್ಞೆಯನ್ನೇ ಹೊರಡಿಸಿದ. ಆಜ್ಞೆ ಚರಿತ್ರೆಯ ಪುಟದಲ್ಲಿ ಉಳಿಯಿತು, ತಂಬಾಕು ಊರೂರಿಗೆ ಹರಡಿತು. ಹೊಗೆಸೊಪ್ಪು ಎಂಬ ಅಚ್ಚಗನ್ನಡ ಹೆಸರನ್ನೂ ಪಡೆದು ಎಲೆ, ಅಡಿಕೆ, ಸುಣ್ಣದ ಸಂಗಡ ಅಜ್ಜ ಅಜ್ಜಿಯರ ಸಂಚಿ ಸೇರಿತು.

ಆ ಸಂಚಿಗೆ ಒಂದು ಶಿಸ್ತಿತ್ತು. ಎಲೆಯ ತೊಟ್ಟು ಮುರಿದು, ಬೆನ್ನ ನಾರು ತೆಗೆದು, ಸುಣ್ಣ ಸವರಿ, ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿ, ಕೊನೆಗೆ ಹೊಗೆಸೊಪ್ಪಿನ ಚೂರಿಟ್ಟು ಮಡಿಚುವ ಹೊತ್ತಿಗೆ ಅರ್ಧ ಹರಟೆ ಮುಗಿದಿರುತ್ತಿತ್ತು. ಅಲ್ಲಿ ವಯಸ್ಸಿನ ಗೆರೆಯೂ ಇತ್ತು. ಬ್ರಹ್ಮಚಾರಿಗೆ ತಾಂಬೂಲ ನಿಷಿದ್ಧ. ‘ಎಲೆ ಅಡಿಕೆ ಹಾಕಿದರೆ ನಾಲಿಗೆ ದಪ್ಪವಾಗುತ್ತದೆ, ವಿದ್ಯೆ ಹತ್ತುವುದಿಲ್ಲ’ ಎಂದು ಮಕ್ಕಳನ್ನು ಗದರುವುದು ವಾಡಿಕೆ. ತಟ್ಟೆ ಸುತ್ತು ಬರುವಾಗ ಹುಡುಗರ ಪಾಲಿಗೆ ಕೊಬ್ಬರಿ ಚೂರೋ ಕಲ್ಲುಸಕ್ಕರೆಯೋ ಸಿಗುತ್ತಿತ್ತು, ಅಷ್ಟೆ. ಈ ಶಿಸ್ತು ಅಜ್ಜಿಯರ ಬಾಯನ್ನು ಕ್ಯಾನ್ಸರಿನಿಂದ ಕಾಯಲಿಲ್ಲ, ನಿಜ. ಮೊಮ್ಮಕ್ಕಳನ್ನಂತೂ ಸಂಚಿಯಿಂದ ಒಂದಷ್ಟು ದೂರ ಇಟ್ಟಿತ್ತು.

ಆ ದೂರವನ್ನು ಅಳಿಸಿದ್ದು ಸ್ಯಾಶೆ. 1970ರ ದಶಕದಲ್ಲಿ ಡಬ್ಬಿಯಲ್ಲಿ ಬಂದ ಪಾನ್ ಮಸಾಲ ಎಂಬತ್ತರ ದಶಕದಲ್ಲಿ ಸಣ್ಣ ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ಇಳಿಯಿತು. ಅಡಿಕೆ ಚೂರು, ಸುಣ್ಣ, ಕಾಚು, ಸುಗಂಧಗಳಿಗೆ ತಂಬಾಕು ಬೆರೆತು ಅದು ಗುಟ್ಕಾ ಆಯಿತು. ಪದರ ಪದರದ ಹಾಳೆಯೊಳಗೆ ತೇವ ತಾಗದೆ ತಿಂಗಳುಗಟ್ಟಲೆ ಇರುತ್ತಿತ್ತು. ಎಲೆ ಒಣಗುವ, ಸುಣ್ಣ ಸುಡುವ ಚಿಂತೆಯಿಲ್ಲ. ಬೀಡಿಯಂತೆ ಹೊಗೆಯಾಡಿ ಗುಟ್ಟು ಬಿಟ್ಟುಕೊಡುವುದಿಲ್ಲ. ನಾಲಿಗೆಗೆ ಮೊದಲು ತಗಲುವುದು ಸಿಹಿ ಮತ್ತು ಕಂಪು. ಕೊನೆಯ ಬೆಂಚಿನಲ್ಲಿ ಕುಳಿತ ಹುಡುಗ ಕೆನ್ನೆಯೊಳಗೆ ಒತ್ತಿಟ್ಟುಕೊಂಡು ಮಗ್ಗಿ ಹೇಳಬಹುದಿತ್ತು. ಅಜ್ಜಿಯ ಸಂಚಿಯಲ್ಲಿ ಕಾಲು ಗಂಟೆ ಹಿಡಿಯುತ್ತಿದ್ದ ಕೆಲಸ ಈಗ ಹಲ್ಲಿನಿಂದ ಒಂದು ಮೂಲೆ ಕಚ್ಚಿ ಹರಿಯುವಷ್ಟರಲ್ಲಿ ಮುಗಿಯಿತು.

ಮೂರು ಬೆರಳಿನ ಅಳತೆ

ದಂತವೈದ್ಯರ ಬಳಿ ಒಂದು ಸರಳ ಪರೀಕ್ಷೆ ಇದೆ. ಬಾಯಿ ಪೂರ್ತಿ ತೆರೆದು ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಡಬೇಕು. ಆರೋಗ್ಯವಂತನಿಗೆ ಮೂರೂ ಹಿಡಿಸುತ್ತವೆ. ತೊಂಬತ್ತರ ದಶಕದಲ್ಲಿ ಎರಡೇ ಬೆರಳು ಹಿಡಿಸುವ, ಒಂದೇ ಹಿಡಿಸುವ ಹರೆಯದ ಹುಡುಗರು ಆಸ್ಪತ್ರೆಗಳಿಗೆ ಬರತೊಡಗಿದರು.

ಈ ರೋಗಕ್ಕೆ ವೈದ್ಯರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಮೊದಲು ಖಾರ ತಾಗಿದರೆ ಬಾಯೆಲ್ಲ ಉರಿ. ಸಾರನ್ನ ತಿನ್ನುವಾಗಲೂ ಕಣ್ಣಲ್ಲಿ ನೀರು. ಬರಬರುತ್ತ ಕೆನ್ನೆಯ ಒಳಗಿನ ಮೆದು ಪೊರೆ ಬಿಳಿಚಿಕೊಂಡು ಹಗ್ಗದಂಥ ನಾರುಪಟ್ಟಿಗಳಾಗಿ ಬಿಗಿಯುತ್ತದೆ. ದವಡೆ ಸರಿಯಾಗೇ ಇದ್ದರೂ ಬಾಯಿ ತೆರೆಯುವುದಿಲ್ಲ. ತುತ್ತನ್ನು ಕಿವುಚಿ, ಚಪ್ಪಟೆ ಮಾಡಿ ಒಳಗೆ ತೂರಿಸಬೇಕು. ಹೀಗೆ ಬಿಗಿದ ಪೊರೆ ತಿರುಗಿ ಸಡಿಲವಾಗುವುದು ಕಷ್ಟ. ಕೆಲವರಲ್ಲಿ ಅದು ಮುಂದೆ ಕ್ಯಾನ್ಸರಿಗೂ ತಿರುಗುತ್ತದೆ. ಮೊದಲೆಲ್ಲ ನಡುವಯಸ್ಸು ದಾಟಿದವರ ಕಾಯಿಲೆ ಎನಿಸಿಕೊಂಡಿದ್ದು ಈಗ ಮೀಸೆ ಚಿಗುರದವರ ಬಾಯಲ್ಲಿ ಕಾಣಿಸಿತು.

ನಾರುಗಟ್ಟುವುದಕ್ಕೆ ಮುಖ್ಯ ಕಾರಣ ಅಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು. ಮಲೆನಾಡಿನಲ್ಲಿ ಕುಳಿತು ಈ ವಾಕ್ಯ ಬರೆಯುವುದು ಸುಲಭವಲ್ಲ. ಅದರ ಮಾತು ಮುಂದೆ ಬರುತ್ತದೆ.

ನೂರು ಗಜ, ಇನ್ನೂರು ರೂಪಾಯಿ

1975ರ ಸಿಗರೇಟು ಕಾಯ್ದೆ ಪ್ಯಾಕಿನ ಮೇಲೆ ಎಚ್ಚರಿಕೆ ಅಚ್ಚು ಹಾಕಿಸಿತು. ಬೀಡಿ, ಗುಟ್ಕಾಗಳ ಗೊಡವೆಗೆ ಅದು ಹೋಗಲಿಲ್ಲ. 1986ರಲ್ಲಿ ಬಾಲಕಾರ್ಮಿಕ ಕಾಯ್ದೆ ಬೀಡಿ ಕಟ್ಟುವ ಕೆಲಸಕ್ಕೆ ಮಕ್ಕಳನ್ನು ಹಚ್ಚಬಾರದೆಂದಿತು. ಕರಾವಳಿಯಲ್ಲಿ ಮನೆ ಮನೆಯೂ ಬೀಡಿಯ ಕಾರ್ಖಾನೆಯಾಗಿದ್ದಾಗ, ಅಮ್ಮನ ಮಗ್ಗುಲಲ್ಲಿ ಎಲೆ ಕತ್ತರಿಸುವ ಮಗಳನ್ನು ಆ ಕಾಯ್ದೆ ಕಾಣಲಿಲ್ಲ. 1992ರಲ್ಲಿ ಟೂತ್‌ಪೇಸ್ಟು, ಹಲ್ಲುಪುಡಿಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ನಿಲ್ಲಿಸಿತು. ಅಲ್ಲಿಯವರೆಗೆ ಹಲ್ಲುಜ್ಜುವ ನೆಪದಲ್ಲೇ ಮಕ್ಕಳ ವಸಡಿಗೆ ತಂಬಾಕು ತಾಗುತ್ತಿತ್ತು.

ದೊಡ್ಡ ತಿರುವು ನ್ಯಾಯಾಲಯಗಳಿಂದ ಬಂತು. 1999ರ ಜುಲೈಯಲ್ಲಿ ಕೇರಳ ಹೈಕೋರ್ಟ್ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ಕೂಡದೆಂದಿತು. 2001ರ ನವೆಂಬರಿನಲ್ಲಿ ಮುರಳಿ ದೇವ್ರಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಅದನ್ನು ದೇಶಕ್ಕೆಲ್ಲ ಹಬ್ಬಿಸಿತು. ಅದೇ 2001ರಲ್ಲಿ, ಕಾಯ್ದೆ ಬರುವ ಸುಳಿವು ಸಿಕ್ಕಿದ್ದೇ, ವಿಲ್ಸ್ ಕ್ರಿಕೆಟ್ ತಂಡದ ಅಂಗಿಯಿಂದ ಇಳಿಯಿತು. 2003ರಲ್ಲಿ ಸಂಸತ್ತು ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯ್ದೆಯನ್ನು ಅಂಗೀಕರಿಸಿತು. ಕೋಟ್ಪಾ ಎಂದು ಎಲ್ಲರ ಬಾಯಲ್ಲಿರುವುದು ಇದೇ. 2004ರ ಮೇ 1ರಿಂದ ಜಾರಿ.

ಮಕ್ಕಳ ಮಟ್ಟಿಗೆ ಕೋಟ್ಪಾದ ಜೀವ ಇರುವುದು ಆರನೇ ಸೆಕ್ಷನ್ನಿನಲ್ಲಿ. ಹದಿನೆಂಟು ತುಂಬದವರಿಗೆ ತಂಬಾಕು ಮಾರಬಾರದು, ಶಿಕ್ಷಣ ಸಂಸ್ಥೆಯ ನೂರು ಗಜದೊಳಗೆ ಮಾರಲೇಬಾರದು. ಗಜ ಎಲ್ಲಿಂದ ಅಳೆಯಬೇಕು ಎಂಬುದನ್ನೂ ನಿಯಮ ಬರೆದಿಟ್ಟಿದೆ: ಶಾಲೆಯ ಕಾಂಪೌಂಡಿನ ಹೊರ ಅಂಚಿನಿಂದ, ಸುತ್ತಲೂ. ಅಂಗಡಿಯ ಮುಂದೆ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಫಲಕ ಇರಬೇಕು. ಗಿರಾಕಿ ಪ್ರಾಯಕ್ಕೆ ಬಂದವನೆಂದು ಖಾತ್ರಿ ಮಾಡಿಕೊಳ್ಳುವ ಹೊಣೆ ಮಾರುವವನದು.

ಕಾಗದದ ಮೇಲೆ ಇದು ಗಟ್ಟಿಯಾಗಿಯೇ ಕಾಣುತ್ತದೆ. ಬೀದಿಗೆ ಬಂದಾಗ ಎರಡು ಕಡೆ ಸೋರಿತು. ಮೊದಲನೆಯದು ಅಜ್ಜ. ‘ಮರೀ, ಒಂದು ಕಟ್ಟು ಬೀಡಿ ತಗೊಂಡು ಬಾ, ಉಳಿದ ಚಿಲ್ಲರೆ ನಿನಗೆ’ ಎನ್ನುವ ಅಜ್ಜನ ಮುಂದೆ ಯಾವ ಸೆಕ್ಷನ್ನು ನಡೆದೀತು? ಅಂಗಡಿಯವನಿಗೂ ಆ ಹುಡುಗ ಯಾರ ಮನೆಯವನೆಂದು ಗೊತ್ತು, ವಯಸ್ಸು ಕೇಳಿದರೆ ಅಜ್ಜನ ಜೊತೆ ಜಗಳ. ಎರಡನೆಯದು ದಂಡ. ಗರಿಷ್ಠ 200 ರೂಪಾಯಿ. ಸಣ್ಣ ಪ್ಯಾಕೆಟ್ಟಿನ ಹಾಗೇ ದಂಡವೂ ಸಣ್ಣದು. ಹಿಡಿದರೆ ಕಟ್ಟಿ, ಮರುದಿನ ಅಂಗಡಿ ತೆರೆದರಾಯಿತು. ಮಕ್ಕಳ ಕೈಗೆ ತಂಬಾಕು ಕೊಡುವುದು ಸಣ್ಣ ತಪ್ಪಲ್ಲ ಎಂದು ಕಾನೂನಿಗೇ ಅನ್ನಿಸಲು ಇನ್ನೂ ಒಂದು ದಶಕ ಹಿಡಿಯಿತು. 2015ರ ಬಾಲನ್ಯಾಯ ಕಾಯ್ದೆ ಮಗುವಿಗೆ ತಂಬಾಕು ಕೊಡುವವರಿಗೆ ಏಳು ವರ್ಷದವರೆಗಿನ ಜೈಲು, ಒಂದು ಲಕ್ಷದವರೆಗಿನ ದಂಡ ಎಂದಿತು. ಇನ್ನೂರರಿಂದ ಲಕ್ಷಕ್ಕೆ ಒಂದೇ ನೆಗೆತ.

ಅಡಿಕೆಗೆ ಹೋದ ಮಾನ

ಗುಟ್ಕಾ ಮಾತ್ರ ಈ ಎಲ್ಲ ಗಜದ ಲೆಕ್ಕದಿಂದ ನುಣುಚಿಕೊಳ್ಳುತ್ತಲೇ ಇತ್ತು. 2001ರ ಕೊನೆಯಿಂದ ತಮಿಳುನಾಡು, ಆಂಧ್ರ, ಮಹಾರಾಷ್ಟ್ರ ಒಂದೊಂದಾಗಿ ನಿಷೇಧಿಸಿದವು. 2004ರಲ್ಲಿ ಸುಪ್ರೀಂ ಕೋರ್ಟ್ ಹಳೆಯ ಆಹಾರ ಕಲಬೆರಕೆ ಕಾಯ್ದೆಯಡಿ ರಾಜ್ಯಗಳಿಗೆ ಆ ಅಧಿಕಾರವಿಲ್ಲ ಎಂದಿತು. ಸರಗಳು ಮತ್ತೆ ತೂಗಿದವು.

ಕೊನೆಗೆ ಪೆಟ್ಟು ಬಿದ್ದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ರಾಜಸ್ಥಾನದ ಅಸ್ತಮಾ ರೋಗಿಗಳ ಸಂಸ್ಥೆಯೊಂದು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2010ರ ಡಿಸೆಂಬರಿನಲ್ಲಿ ಗುಟ್ಕಾವನ್ನು ಬಿಟ್ಟು ಅದರ ಅಂಗಿಗೆ ಕೈ ಹಾಕಿತು: 2011ರ ಮಾರ್ಚ್‌ನಿಂದ ಗುಟ್ಕಾ, ತಂಬಾಕು, ಪಾನ್ ಮಸಾಲಗಳನ್ನು ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಮಾರಕೂಡದು. ಚರಂಡಿ ಕಟ್ಟುವ ಕಸವಾಗಿ ಸ್ಯಾಶೆ ಸಿಕ್ಕಿಬಿದ್ದಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಜಾರಿಯಾದ ಹೊಸ ಆಹಾರ ಸುರಕ್ಷತಾ ನಿಯಮಗಳಲ್ಲಿ ಒಂದು ಪುಟ್ಟ ವಾಕ್ಯವಿತ್ತು: ಯಾವುದೇ ಆಹಾರ ಪದಾರ್ಥದಲ್ಲಿ ತಂಬಾಕು, ನಿಕೋಟಿನ್ ಬೆರೆಸುವಂತಿಲ್ಲ. ಗುಟ್ಕಾ ತಿನ್ನುವ ವಸ್ತು, ಆದ್ದರಿಂದ ಆಹಾರ, ಆದ್ದರಿಂದ ಕಾನೂನುಬಾಹಿರ! 2012ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶ ಈ ಎಳೆ ಹಿಡಿದು ಮೊದಲು ನಿಷೇಧ ತಂದಿತು. ಕೇರಳ, ಬಿಹಾರ, ಮಹಾರಾಷ್ಟ್ರ ಹಿಂಬಾಲಿಸಿದವು.

ಕರ್ನಾಟಕ ಮಾತ್ರ ಹೊಸ್ತಿಲಲ್ಲೇ ನಿಂತಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಬೇಯಿಸಿ ಬಣ್ಣ ಕಟ್ಟಿದ ಕೆಂಪಡಿಕೆ ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಣೆಯಾಗಿ ಶಿವಮೊಗ್ಗ, ಶಿರಸಿ, ಚನ್ನಗಿರಿಗಳ ಮಂಡಿಯಿಂದ ಉತ್ತರದ ಪಾನ್ ಮಸಾಲ, ಗುಟ್ಕಾ ಕಾರ್ಖಾನೆಗಳಿಗೆ ಲಾರಿಗಟ್ಟಲೆ ಹೋಗುತ್ತಿತ್ತು. ತೊಂಬತ್ತರ ದಶಕದ ಧಾರಣೆ ಎಷ್ಟೋ ಹೆಂಚಿನ ಮನೆಗಳಿಗೆ ತಾರಸಿ ಹಾಕಿಸಿತ್ತು, ಮಕ್ಕಳನ್ನು ಎಂಜಿನಿಯರಿಂಗ್ ಓದಿಸಿತ್ತು. ಬಯಲುಸೀಮೆಯ ಗದ್ದೆಗಳೂ ತೋಟವಾಗಿದ್ದವು. ಊರಿನ ಮಗನ ಕಾಲೇಜು ಶುಲ್ಕ ಯಾವುದೋ ದೂರದೂರಿನ ಹುಡುಗನ ಎಂಟಾಣೆಯಿಂದ ಬರುತ್ತಿತ್ತೆಂದು ಬೆಳೆಗಾರ ಕನಸಲ್ಲೂ ಎಣಿಸಿರಲಿಲ್ಲ. ಎಣಿಸಬೇಕಾಗಿ ಬಂದಾಗ ಅವನಿಗೆ ಸಿಟ್ಟು ಬಂದದ್ದು ಸಹಜ. ತಂಬಾಕು ಬೆರೆಸಿದವರು ಯಾರೋ, ಕೆಟ್ಟ ಹೆಸರು ಅಡಿಕೆಗೆ ಎಂದ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಗಾದೆ ಅಡಿಕೆ ನಾಡಿಗೇ ಹೀಗೆ ತಿರುಗಿ ಬಂತು.

2013ರ ಮೇ 13ರಂದು ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು, ಆರೋಗ್ಯ ಖಾತೆ ಯು.ಟಿ. ಖಾದರ್ ಅವರ ಪಾಲಾಯಿತು. ತಿಂಗಳು ತುಂಬುವ ಮೊದಲೇ, ಮೇ 31ರ ವಿಶ್ವ ತಂಬಾಕು ರಹಿತ ದಿನದ ಹೊಸ್ತಿಲಲ್ಲಿ, ಗುಟ್ಕಾ ನಿಷೇಧದ ಆದೇಶ ಹೊರಬಿತ್ತು. ಬೇಸಿಗೆ ರಜೆ ಮುಗಿದು ಶಾಲೆಗಳು ಬಾಗಿಲು ತೆರೆಯುವ ಹೊತ್ತು ಅದು. ಮಲೆನಾಡಿನಲ್ಲಿ ಪ್ರತಿಭಟನೆ ನಡೆಯಿತು. ಅಡಿಕೆ ಮಾತ್ರ ನೆಲಕಚ್ಚಲಿಲ್ಲ; ಪಾನ್ ಮಸಾಲಕ್ಕೆ ನಿಷೇಧ ಇರಲಿಲ್ಲವಲ್ಲ.

ಕಿಂಡಿ ಇದ್ದದ್ದೂ ಅಲ್ಲೇ. ನಿಷೇಧವಾದದ್ದು ಬೆರೆಸಿದ ವಸ್ತು. ಕಂಪನಿಗಳು ಬೇರ್ಪಡಿಸಿದವು: ಪಾನ್ ಮಸಾಲದ್ದೊಂದು ಪ್ಯಾಕೆಟ್ಟು, ಜರ್ದಾದ್ದೊಂದು. ಎರಡನ್ನೂ ಅಂಗೈಗೆ ಸುರಿದು ಹೆಬ್ಬೆರಳಲ್ಲಿ ತಿಕ್ಕಿದರೆ ಗುಟ್ಕಾ ತಯಾರು. ಇಂಥ ಜೋಡಿ ಪ್ಯಾಕೆಟ್ಟಿಗೂ ಕಡಿವಾಣ ಹಾಕಿ ಎಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರಿನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು.

ಬೆಂಗಳೂರಿನ ಕಟಕಟೆ

2016ರ ಏಪ್ರಿಲ್‌ನಿಂದ ತಂಬಾಕು ಪ್ಯಾಕಿನ ಶೇ 85ರಷ್ಟು ಜಾಗವನ್ನು ಚಿತ್ರಸಹಿತ ಎಚ್ಚರಿಕೆ ಆವರಿಸಬೇಕೆಂಬ ನಿಯಮ ಬಂತು. ಓದು ಬಾರದವನಿಗೂ, ಇನ್ನೂ ಕಾಗುಣಿತ ಕಲಿಯುತ್ತಿರುವವನಿಗೂ ಅರ್ಥವಾಗುವ ಭಾಷೆ ಅದು. ಕಂಪನಿಗಳು ಬೇರೆ ಬೇರೆ ಹೈಕೋರ್ಟ್‌ಗಳಿಗೆ ಹೋದವು. ಸುಪ್ರೀಂ ಕೋರ್ಟ್ ಎಲ್ಲ ಅರ್ಜಿಗಳನ್ನೂ ಕಟ್ಟು ಕಟ್ಟಿ ಕರ್ನಾಟಕ ಹೈಕೋರ್ಟ್‌ಗೆ ಕಳಿಸಿತು. 2017ರ ಡಿಸೆಂಬರ್ 15ರಂದು ಬೆಂಗಳೂರಿನಲ್ಲಿ ತೀರ್ಪು ಬಂತು: ಶೇ 85ರ ನಿಯಮ ರದ್ದು. ನಾಲ್ಕು ವಾರ ತುಂಬುವ ಮೊದಲೇ, 2018ರ ಜನವರಿ 8ರಂದು, ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಚಿತ್ರಗಳು ಪ್ಯಾಕಿನ ಮೇಲೆ ಉಳಿದವು.

ಆದರೆ ಬಿಡಿ ಸಿಗರೇಟು ಕೊಳ್ಳುವ ಹುಡುಗ ಪ್ಯಾಕನ್ನು ನೋಡುವುದೇ ಇಲ್ಲವಲ್ಲ! ಅವನಿಗೆ ಸಿಗುವುದು ಎಚ್ಚರಿಕೆಯಿಲ್ಲದ ಒಂದು ಬಿಳಿ ಕಡ್ಡಿ. ಈ ಎಳೆಯನ್ನು ಕರ್ನಾಟಕ 2017ರಲ್ಲೇ ಹಿಡಿದು ಬಿಡಿ ಸಿಗರೇಟು, ಬಿಡಿ ಬೀಡಿ ಮಾರಾಟ ಕೂಡದೆಂದು ಆದೇಶಿಸಿತ್ತು. ಹಿಂದಿನ ವರ್ಷವಷ್ಟೇ ಇ-ಸಿಗರೇಟನ್ನು ನಿಷೇಧಿಸಿತ್ತು. ಕೇಂದ್ರದ ನಿಷೇಧ ಬಂದದ್ದು 2019ರಲ್ಲಿ. 2024ರ ಫೆಬ್ರುವರಿಯಲ್ಲಿ ಹುಕ್ಕಾ ಬಾರ್‌ಗಳಿಗೆ ಬೀಗ ಬಿತ್ತು. ಆಗಲೇ ವಿಧಾನಮಂಡಲ ಒಪ್ಪಿದ ಕೋಟ್ಪಾ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಅಂಕಿತ ದೊರೆಯಿತು: ಕರ್ನಾಟಕದಲ್ಲಿ ಈಗ ತಂಬಾಕು ಕೊಳ್ಳುವ ವಯಸ್ಸು ಇಪ್ಪತ್ತೊಂದು, ನೂರು ಗಜ ಹೋಗಿ ನೂರು ಮೀಟರ್, ದಂಡ ಸಾವಿರ ರೂಪಾಯಿವರೆಗೆ.

ಇಷ್ಟೆಲ್ಲ ಜಗ್ಗಾಟ ಏನನ್ನಾದರೂ ಕಟ್ಟಿಕೊಟ್ಟಿತೆ? ಕೊಟ್ಟಿತು. ವಯಸ್ಕರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15ರಿಂದ 24 ವರ್ಷದವರ ತಂಬಾಕು ಬಳಕೆ 2009–10ರಲ್ಲಿ ಶೇ 18.4 ಇದ್ದದ್ದು 2016–17ಕ್ಕೆ ಶೇ 12.4ಕ್ಕೆ ಇಳಿಯಿತು. 2019ರ ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ತಂಬಾಕು ಬಳಸುವವರು ದೇಶದಲ್ಲಿ ಶೇ 8.5 ಇದ್ದರೆ, ಕರ್ನಾಟಕದಲ್ಲಿ ಶೇ 1.2 ಮಾತ್ರ. ಮಕ್ಕಳು ತಮ್ಮ ಬಾಯಿಂದಲೇ ಒಪ್ಪಿಕೊಂಡ ಲೆಕ್ಕವಿದು, ಶಾಲೆ ಬಿಟ್ಟವರು ಇದರಲ್ಲಿಲ್ಲ ಎಂಬುದು ನೆನಪಿರಲಿ. ಅದೇ ಸಮೀಕ್ಷೆಯ ಇನ್ನೊಂದು ಸಾಲು ನಿದ್ದೆಗೆಡಿಸುತ್ತದೆ: ಜಗಿಯುವ ತಂಬಾಕಿನ ರುಚಿ ಕಂಡಿದ್ದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನು ಮೊದಲ ಸಲ ಬಾಯಿಗಿಟ್ಟದ್ದು ಹತ್ತು ತುಂಬುವ ಮೊದಲು. ಹದಿನೆಂಟೋ ಇಪ್ಪತ್ತೊಂದೋ ಎಂಬ ಚರ್ಚೆ ಅವರ ಪಾಲಿಗೆ ಬಹಳ ತಡ.

ಮತ್ತೆ ಕ್ರಿಕೆಟ್

ಈಗ ಚಿನ್ನಸ್ವಾಮಿಯಲ್ಲಿ ಪಂದ್ಯ ನಡೆದರೆ ಹುಡುಗರು ಮೊಬೈಲಿನಲ್ಲಿ ನೋಡುತ್ತಾರೆ. ಓವರಿನ ನಡುವೆ ಹಿಂದಿ ಸಿನಿಮಾದ ದೊಡ್ಡ ನಾಯಕರು ಬಂದು ಏಲಕ್ಕಿ ತಿನ್ನಿ ಎನ್ನುತ್ತಾರೆ. ಏಲಕ್ಕಿಯ ಪೊಟ್ಟಣದ ಮೇಲಿರುವುದು ಪಾನ್ ಮಸಾಲದ ಹೆಸರು, ಅದೇ ಬಣ್ಣ, ಅದೇ ಅಕ್ಷರ. 2021ರಲ್ಲಿ ಅಮಿತಾಭ್ ಬಚ್ಚನ್ ಇಂಥದೊಂದು ಜಾಹೀರಾತಿನಿಂದ ಹಿಂದೆ ಸರಿದು, ಇದು ಬದಲಿ ಜಾಹೀರಾತೆಂದು ತಿಳಿದಿರಲಿಲ್ಲ ಎಂದು ಹಣ ವಾಪಸು ಕೊಟ್ಟರು. ಹಿಂದೆ ಸರಿಯಿರಿ ಎಂದು ಅವರಿಗೆ ಪತ್ರ ಬರೆದದ್ದು ಗೋವಾದವರು ಮುನ್ನಡೆಸುವ ತಂಬಾಕು ನಿರ್ಮೂಲನಾ ಸಂಸ್ಥೆ. ಶರದ್ ವೈದ್ಯ ಹಿಂದೆ ಮುಂದಾಳಾಗಿದ್ದ ಸಂಸ್ಥೆಯೇ ಅದು. ವಿಲ್ಸ್ ಕಾಲದಲ್ಲಿ ಕ್ರಿಕೆಟ್ ನೋಡುವ ಮಕ್ಕಳನ್ನು ಕೇಳಿದವರ ಸಂಸ್ಥೆ, ಕಾಲು ಶತಮಾನದ ಮೇಲೂ ಅದೇ ಪ್ರಶ್ನೆ ಹಿಡಿದು ನಿಂತಿತ್ತು. 2022ರ ಜೂನ್‌ನಲ್ಲಿ ಕೇಂದ್ರದ ಹೊಸ ಮಾರ್ಗಸೂಚಿ ಬದಲಿ ಜಾಹೀರಾತನ್ನು ನಿಷೇಧಿಸಿತು. ಏಲಕ್ಕಿ ನಿಂತಿಲ್ಲ.

ಗೂಡಂಗಡಿಯಲ್ಲಿ ಹೊಗೆಯಾಡುವ ಹಗ್ಗ ಈಗ ಕಾಣುವುದು ಅಪರೂಪ, ಅದರ ಜಾಗಕ್ಕೆ ಲೈಟರ್ ಬಂದಿದೆ. ಹಲವು ಶಾಲೆಗಳ ಮುಂದೆ ರಸ್ತೆಗೆ ಅಡ್ಡಲಾಗಿ ಹಳದಿ ಗೆರೆ ಎಳೆದು ‘ತಂಬಾಕು ಮುಕ್ತ ವಲಯ’ ಎಂದು ಬರೆದಿದ್ದಾರೆ. ಮಳೆಗಾಲ ಕಳೆದರೆ ಬಣ್ಣ ಮಾಸುತ್ತದೆ, ಮತ್ತೆ ಬಳಿಯಬೇಕು. ಹಿಂದೆ ತಾಂಬೂಲದ ತಟ್ಟೆ ಸುತ್ತು ಬಂದಾಗ ಅಜ್ಜಿ ಎಳೆಯುತ್ತಿದ್ದ ಗೆರೆಯೂ ಹೀಗೇ ಇತ್ತು. ಯಾರೂ ಬರೆದಿಟ್ಟದ್ದಲ್ಲ, ಪ್ರತಿ ಊಟದ ಕೊನೆಗೂ ಅವಳು ಹೊಸದಾಗಿ ಎಳೆಯುತ್ತಿದ್ದಳು: ‘ನಿನಗಲ್ಲ ಮರೀ, ನಿನಗೆ ಕೊಬ್ಬರಿ.’